ಆಟಿಯ ಹೊಳೆನೀರಿಗೆ ಜಿಂಕ್ ಸೆನ್ಸರೋ, ಯುರೋಪಿಯಮ್ ಸೆನ್ಸರೋ?

ನೀರಿನ ಫಾಸ್ಫೇಟ್ ಅಳೆಯಲು ನನಗೆ ಯುರೋಪಿಯಮ್ ಸೆನ್ಸರೇ ಇಷ್ಟ. ಸೆನ್ಸರ್ ಅಂದರೆ ಇಲ್ಲಿ ಫಾಸ್ಫೇಟ್ ಸಿಕ್ಕಾಗ ಹೊಳಪು ಬದಲಾಗುವ ರಾಸಾಯನಿಕ. ಆದರೆ ಮೊದಲು ದುಡ್ಡು ಸುರಿದದ್ದು ಜಿಂಕ್ ಸೆನ್ಸರಿಗೆ.

ಮಂಗಳೂರು ಕಡೆಯ ಗುರುಪುರ ಹೊಳೆಯ ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಅಂತ ಅಳೆಯುವುದು ನನ್ನ ಕೆಲಸ. ತೋಟದ ಗೊಬ್ಬರ, ಬಟ್ಟೆ ಒಗೆದ ನೀರು ಎಲ್ಲ ಕೊನೆಗೆ ಹೊಳೆಗೇ ಬರುತ್ತದಲ್ವಾ.

ಜಿಂಕ್ ಸೆನ್ಸರಿನಲ್ಲಿ, ಜಿಂಕ್-ಡೈಪಿಕೊಲೈಲಮೀನ್ ಎಂಬ ಸಂಯುಕ್ತಕ್ಕೆ ಅಂಟಿಕೊಂಡ ಕೂಮರಿನ್ ಎಂಬ ಹೊಳೆಯುವ ಬಣ್ಣ ಮಂಕಾಗಿರುತ್ತದೆ. ಫಾಸ್ಫೇಟ್ ಬಂದು ಅದನ್ನು ಆಚೆ ತಳ್ಳಿದರೆ ನೀಲಿ ಬೆಳಕು ಮರಳುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಗ್ರಾಫ್ ನೆಟ್ಟಗೆ ಬಂತು. ತುಂಬಾ ಖುಷಿಪಟ್ಟೆ.

ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ನೀರು ತಂದಾಗ ಎಲ್ಲ ಕೆಟ್ಟಿತು. ಮಳೆಗಾಲದಲ್ಲಿ ಕೊಳೆತ ಎಲೆಯ ರಸವೆಲ್ಲ ಹೊಳೆಗೆ ಇಳಿಯುತ್ತದೆ. ಯುವಿ ಬೆಳಕು ಬಿದ್ದರೆ ಆ ರಸವೂ ನೀಲಿಯಾಗಿಯೇ ಹೊಳೆಯುತ್ತದೆ! ಸೆನ್ಸರ್ ಹಾಕುವ ಮೊದಲೇ ಹೊಳಪು ಅಳೆಯುವ ಮೀಟರ್ (ಫ್ಲೋರಿಮೀಟರ್) ಏರಿ ಕೂತಿತ್ತು.

0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆ. ಕರಗಿದ್ದು ಸೋಸಿದರೆ ಹೋಗುತ್ತದೆಯೇ? ನೀರು ಬೆರೆಸಿ ತೆಳು ಮಾಡಿದೆ, ಫಾಸ್ಫೇಟೂ ತೆಳುವಾಯಿತು. ಇದ್ದಿಲು ಪುಡಿ ಹಾಕಿದಾಗ ಎಲೆರಸದ ಬಣ್ಣ ಹೋಯಿತು, ಆದರೆ ಫಾಸ್ಫೇಟ್ ಮೊದಲಿಗಿಂತ ಜಾಸ್ತಿ ಬಂತು. ಇದ್ದಿಲಿನ ಬೂದಿಯಲ್ಲೇ ಫಾಸ್ಫೇಟ್ ಇತ್ತು. ಸೆನ್ಸರ್ ಹಾಕದ ಹೊಳೆನೀರಿನ ರೀಡಿಂಗ್ ಕಳೆದು ನೋಡಿದೆ. ಕಳೆಯುವ ಅಂಕಿಯೇ ದೊಡ್ಡದು, ಉಳಿಯುವುದು ಚೂರು. ಅದನ್ನು ಹೇಗೆ ನಂಬುವುದು? ಎರಡು ವಾರ ಇದರಲ್ಲೇ ಹೋಯಿತು.

ಯುರೋಪಿಯಮ್ ಸೆನ್ಸರ್, ಅಂದರೆ ಯುರೋಪಿಯಮ್-ಟೆಟ್ರಾಸೈಕ್ಲಿನ್, ಹೊಳೆಯುವುದು ಕೆಂಪಾಗಿ, 616 ನ್ಯಾನೋಮೀಟರ್ ಹತ್ತಿರ. ಫಾಸ್ಫೇಟ್ ಸೇರಿದಷ್ಟೂ ಮಂಕಾಗುತ್ತದೆ. ಇದರ ಬೆಳಕು ಮೈಕ್ರೋಸೆಕೆಂಡುಗಟ್ಟಲೆ ನಿಲ್ಲುವುದರಿಂದ, ಎಲೆರಸದ ಹೊಳಪು ಆರಿದ ಮೇಲೆ ಓದಬಹುದು. ನಮ್ಮ ಲ್ಯಾಬಿನ ಹಳೆ ಫ್ಲೋರಿಮೀಟರಿಗೆ ಹಾಗೆ ಚೂರು ಹೊತ್ತು ಬಿಟ್ಟು ಓದಲು ಬರುವುದಿಲ್ಲ. ಆದರೂ ಸಾಕಾಯಿತು, ಯಾಕೆಂದರೆ ಎಲೆರಸದ ನೀಲಿ ಹೊಳಪು ಕೆಂಪಿನ ತನಕ ಬರುವಷ್ಟರಲ್ಲಿ ತೀರಾ ಕ್ಷೀಣ.

ಟೆಟ್ರಾಸೈಕ್ಲಿನ್ ದ್ರಾವಣ ಬೆಳಕಿಗೆ ಕೆಡುತ್ತದೆ, ದಿನವೂ ಹೊಸದಾಗಿ ಮಾಡಬೇಕು. ನನಗೆ ಬೆಳಿಗ್ಗೆ ಬೇಗ ಬಂದು ಕೆಲಸ ಶುರುಮಾಡುವ ಅಭ್ಯಾಸ, ಹಾಗಾಗಿ ಕಷ್ಟವಿಲ್ಲ. ಮುರಕಲ್ಲಿನ ಬಾವಿನೀರಿಗೆ ಮಾತ್ರ ಬಳಸಬೇಡಿ, ಅದರಲ್ಲಿರುವ ಕಬ್ಬಿಣವೂ ಈ ಸೆನ್ಸರನ್ನು ಮಂಕು ಮಾಡುತ್ತದೆ. ಯುರೋಪಿಯಮ್ ಕ್ಲೋರೈಡ್ ದುಬಾರಿ, ಆದರೆ ಬೇಕಾಗುವುದು ಚಿಟಿಕೆಯಷ್ಟೇ. ನನ್ನ ಫೆಲೋಶಿಪ್ ದುಡ್ಡಿಗೆ ಹೊಂದಿತು.

ತಾಳೆ ನೋಡಲು, ಫಾಸ್ಫೇಟ್ ಇದ್ದಷ್ಟು ನೀಲಿ ಬಣ್ಣ ಕಟ್ಟುವ 1962ರ ಮರ್ಫಿ-ರೈಲಿ ಮಾಲಿಬ್ಡಿನಮ್ ನೀಲಿ ವಿಧಾನ ಈಗಲೂ ಇಟ್ಟುಕೊಂಡಿದ್ದೇನೆ. ಅದರ ಆಂಟಿಮನಿ ಎಂಬ ವಿಷ ಬೆರೆತ ತ್ಯಾಜ್ಯ ಸಿಂಕಿಗೆ ಚೆಲ್ಲುವಂತಿಲ್ಲ, ಹಾಗಾಗಿ ವಾರಕ್ಕೊಮ್ಮೆ ಮಾತ್ರ.

ಉಳಿದ ಜಿಂಕ್ ಸೆನ್ಸರ್ ಫ್ರಿಜ್ಜಿನಲ್ಲಿದೆ. ಜನವರಿಯಲ್ಲಿ ಹೊಳೆ ತಿಳಿಯಾದಾಗ ಇನ್ನೊಮ್ಮೆ ನೋಡುತ್ತೇನೆ.