ಕೂಸು ಮಲಗೈತಿ ಅಂತ ಸುಮ್ಮನೆ ಕೂತೆವು

ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ, ಇಲ್ಲವೇ ಹೆರಿಗೆಗೆ ತವರಿಗೆ ಹೊರಟವರಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮಗಳಿಗೆ ಈಗ 7 ತಿಂಗಳು. ಆರಾಮಾಗಿದ್ದಾಳೆ. ಆದರೆ ಹುಟ್ಟಿದ ಐದನೇ ದಿನ ಕಾಮಣಿ, ಅಂದರೆ ಜಾಂಡೀಸ್, ಏರಿ ಅವಳು ಕೈ ತಪ್ಪಿ ಹೋಗುವುದರಲ್ಲಿದ್ದಳು.

ನಾನಿರುವುದು ಹುಬ್ಬಳ್ಳಿಯಲ್ಲಿ. ತವರು ನರೇಗಲ್ ಹತ್ತಿರದ ಹಳ್ಳಿ. ಗದಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆ ಆಯಿತು. ಕೂಸು 2.9 ಕೆಜಿ. ಮರುದಿನವೇ ಮನೆಗೆ ಕಳಿಸಿದರು. ಅಮಾವಾಸ್ಯೆ ಬರುತ್ತದೆ, ಅದಕ್ಕೂ ಮುಂಚೆ ಬಿಡ್ರಿ ಅಂತ ನಮ್ಮವರೂ ಕೇಳಿದ್ದರು, ಸುಳ್ಳು ಹೇಳುವುದಿಲ್ಲ. ಆದರೆ 48 ತಾಸು ಆದರೂ ಇರಬೇಕು ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ. ಕಾಮಣಿ ಅನ್ನುವ ಮಾತೇ ಬರಲಿಲ್ಲ.

ನಮ್ಮ ಕಡೆ ಬಾಣಂತಿ ಕೋಣೆ ಹೆಂಗಿರುತ್ತದೆ ಗೊತ್ತಲ್ವಾ. ಕಿಟಕಿಗೆ ಕೌದಿ ಕಟ್ಟಿದ್ದರು. ಹಗಲು ರಾತ್ರಿ ಒಂದೇ ಹಳದಿ ಬಲ್ಬು. ಹೊರಸಿನ ಕೆಳಗೆ ಕೆಂಡ, ಮೇಲೆ ಲೋಬಾನದ ಹೊಗೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದೇ ಜೀವಕ್ಕೆ ಅಪಾಯ. ಆ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ಅದು ನನಗೆ ಗೊತ್ತಾಗಿದ್ದು ಆಮೇಲೆ. ನೀರು ಕೇಳಿದರೆ "ಹೊಟ್ಟಿ ಬರ್ತೈತಿ, ಬ್ಯಾಡ" ಅನ್ನುತ್ತಿದ್ದರು.

ಮೊದಲ ಹಾಲು ಹಳದಿ, ಗಟ್ಟಿ. "ಗಿಣ್ಣ ಹಾಲು ಕೂಸಿಗೆ ಅರಗೂದಿಲ್ಲವ್ವ, ಹಿಂಡಿ ಚೆಲ್ಲು" ಅಂದಳು ಆಯಿ. ಹತ್ತಿ ಬತ್ತಿ ಅದ್ದಿ ಸಕ್ಕರೆ ನೀರು ಕುಡಿಸಿದರು. ನಾನು ಬಿಎಸ್ಸಿ ಓದಿದವಳು. ಆದರೂ ಬಾಯಿ ಬಿಡಲಿಲ್ಲ. ಆಯಿ ಆರು ಮಕ್ಕಳನ್ನು ಸಾಕಿದವಳು, ಅವಳಿಗಿಂತ ನನಗೇನು ಗೊತ್ತು ಅನಿಸಿತ್ತು.

ಮೂರನೇ ದಿನದಿಂದ ಕೂಸು ಅಳುವುದೇ ಕಡಿಮೆಯಾಯಿತು. ಎರಡು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಎಬ್ಬಿಸಿದರೂ ಏಳದು. "ಎಷ್ಟು ಶಾಂತ ಕೂಸವ್ವ, ನಿದ್ದಿ ಮಾಡಿದ್ರ ಬೆಳಿತೈತಿ" ಅಂತ ಬಂದವರೆಲ್ಲ ಹೊಗಳಿದರು. ಅಂಗಾಲಿಗೆ ಬೆರಳಿನಿಂದ ತಟ್ಟಿದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಅದು ಶಾಂತ ಅಲ್ಲ. ಹಸಿದು ಹಸಿದು ಅಳುವ ಶಕ್ತಿಯೂ ಉಳಿದಿರಲಿಲ್ಲ.

ಅವತ್ತೇ ಆಶಾ ಅಕ್ಕ ಬಂದಿದ್ದರು. ಅವರಿಗೆ ಆ ಲೆಕ್ಕ ಇದೆ: ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡಬೇಕು. ಹೆಗಲಿಗೆ ತಕ್ಕಡಿ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಕೂಸು ಮಲಗೈತಿ, ಸೂತಕ ಮುಗದ ಮ್ಯಾಲೆ ಬಾರವ್ವ" ಅಂತ ಆಯಿ ಅಂಗಳದಿಂದಲೇ ಕಳಿಸಿಬಿಟ್ಟಳು. ಒಳಗೆ ಮಲಗಿದ್ದ ನನಗೆ ಎಲ್ಲ ಕೇಳಿಸಿತು. "ಒಳಗ ಬರ್ರಿ ಅಕ್ಕಾ" ಅಂತ ಒಂದು ಮಾತು ಕೂಗಬೇಕಿತ್ತು. ಕೂಗಲಿಲ್ಲ. ಇವತ್ತಿಗೂ ನನಗೆ ಹೆಚ್ಚು ಚುಚ್ಚುವುದು ಅದೇ.

ನಾಲ್ಕನೇ ದಿನ ಕೂಸು ಉಚ್ಚೆ ಹೋದ ದುಪ್ಪಡಿಯ ಮೇಲೆ ಇಟ್ಟಿಗೆ ಬಣ್ಣದ ಕಲೆ. ಉಷ್ಣ ಆಗಿದೆ ಅಂತ ಇನ್ನಷ್ಟು ಸಕ್ಕರೆ ನೀರು ಕೊಟ್ಟರು. ಆ ಕಲೆ ಮೊದಲ ಎರಡು ದಿನ ಕಂಡರೆ ನಡೆಯುತ್ತದೆ. ಆಮೇಲೂ ಕಂಡರೆ ಹಾಲು ಸಾಲುತ್ತಿಲ್ಲ ಅಂತಲೇ ಅರ್ಥ, ಹೀಗೆ ಡಾಕ್ಟರ್ ಹೇಳಿದರು. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕಂತೆ. ನಮ್ಮ ಕೂಸು ಎರಡೇ ಸಲ ಹೋಗಿತ್ತು.

ಮೈ ಹಳದಿ ಕಂಡಿತ್ತು ನನಗೆ. ಕೇಳಿಯೂ ಇದ್ದೆ. "ಎಣ್ಣಿ ಅರಿಶಿಣ ಹಚ್ಚೇವಲ್ಲ, ಅದರ ಬಣ್ಣ" ಅಂದರು. ಆ ಬಲ್ಬಿನ ಬೆಳಕಿನಲ್ಲಿ ಗೋಡೆಯೂ ಹಳದಿ, ನನ್ನ ಕೈಯೂ ಹಳದಿ. ಹೆಂಗೆ ಗೊತ್ತಾಗಬೇಕು?

ಐದನೇ ದಿನ ಶೆಟಿಗೆವ್ವನ ಪೂಜೆಗೆ ಧಾರವಾಡದಿಂದ ಚಿಕ್ಕವ್ವ ಬಂದಳು. ಕೂಸನ್ನು ಎತ್ತಿಕೊಂಡು ಸೀದಾ ಪಡಸಾಲೆಯ ಬೆಳಕಿಗೆ ಹೋದಳು. ಎದೆಯ ಮೇಲೆ ಬೆರಳು ಒತ್ತಿ ತೆಗೆದಳು. ಒತ್ತಿದ ಜಾಗ ಬೆಳ್ಳಗಾಗಲಿಲ್ಲ, ಹಳದಿಯಾಗಿಯೇ ಇತ್ತು. ಅಂಗಾಲು ತಿರುಗಿಸಿದಳು, ಅದೂ ಹಳದಿ. ಪೂಜೆಗೆ ಕೂರಲೇ ಇಲ್ಲ ಅವಳು, 108ಕ್ಕೆ ಫೋನ್ ಮಾಡಿದಳು.

ಗದಗಿನ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ತೂಗಿದರೆ 2.5 ಕೆಜಿ. ಹುಟ್ಟಿದ ಮಕ್ಕಳು ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತವೆ, ಆದರೆ ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ಇಳಿಯಬಾರದು. ಬಿಲಿರುಬಿನ್, ಅಂದರೆ ರಕ್ತದಲ್ಲಿರುವ ಹಳದಿ ಅಂಶ, 22. ಅಷ್ಟು ಏರಿದರೆ ಮೆದುಳಿಗೆ ಪೆಟ್ಟು ಬೀಳಬಹುದು, ಕಿವಿ ಹೋಗಬಹುದು. ಮೂರು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಕಣ್ಣಿಗೆ ಪಟ್ಟಿ, ಮೈಮೇಲೆ ಡೈಪರ್ ಒಂದೇ. ನಾನು ಎರಡೆರಡು ತಾಸಿಗೆ ಹಾಲು ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದೆ.

ಅಲ್ಲಿಯ ನರ್ಸ್ ಒಬ್ಬರು ಬಿಡಿಸಿ ಹೇಳಿದರು. ಮೈಯ ಹಳದಿ ಹೊರಗೆ ಹೋಗುವುದು ಹೆಚ್ಚಾಗಿ ಮಲದಲ್ಲಿ. ಗಿಣ್ಣ ಹಾಲು ಹೊಟ್ಟೆ ಸೇರಿದರೆ ಮೊದಲ ಕರಿ ಮಲ ಬೇಗ ಹೋಗುತ್ತದೆ. ಸಕ್ಕರೆ ನೀರು ಸುಮ್ನೆ ಹೊಟ್ಟೆ ತುಂಬಿಸಿ ಹಸಿವು ಕೊಲ್ಲುತ್ತದೆ. ನನ್ನ ಕೂಸಿನ ಮಲ ಐದನೇ ದಿನವೂ ಕಪ್ಪಗೇ ಇತ್ತು.

ಸುಮಾರು ಕೂಸುಗಳಿಗೆ ಸ್ವಲ್ಪ ಹಳದಿ ಆಗುತ್ತದೆ, ತಾನಾಗಿಯೇ ಇಳಿಯುತ್ತದೆ, ಅದು ನಿಜ. ಆದರೆ ಹುಟ್ಟಿದ 24 ತಾಸಿನೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾದರೆ ಕಾಯಬೇಡಿ. ನಿಮ್ಮ ರಕ್ತ ಓ ಗುಂಪಿನದೋ ನೆಗೆಟಿವ್ವೋ ಆಗಿದ್ದರೆ ಇನ್ನೂ ಹುಷಾರು, ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ, ನೋಡಿಕೊಳ್ಳಿ. ಎಳೆಬಿಸಿಲಿಗೆ ಹಿಡಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ಈ ಮಟ್ಟದ ಕಾಮಣಿ ಅದರಿಂದ ಇಳಿಯುವುದಿಲ್ಲ. ನಾಟಿ ಔಷಧ, ಬರೆ ಹಾಕಿಸುವುದು ಅಂತೂ ಬೇಡವೇ ಬೇಡ. ನಮ್ಮ ಪಕ್ಕದ ಹಾಸಿಗೆಗೆ ಬಂದಿದ್ದ ಒಂದು ಕೂಸಿನ ಹೊಟ್ಟೆಯ ಮೇಲೆ ಬರೆ ಇತ್ತು. ಆ ತಾಯಿಯ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮಗಳಿಗೆ ಮೂರು ತಿಂಗಳಾದಾಗ ಕಿವಿ ಪರೀಕ್ಷೆ ಮಾಡಿಸಿದೆವು, ಸರಿ ಇದೆ. ಹದಿನಾಲ್ಕನೇ ದಿನ ಆಶಾ ಅಕ್ಕ ಬಂದಾಗ ಕೌದಿ ಬಿಚ್ಚಿ ಕಿಟಕಿ ತೆರೆದವಳು ಆಯಿಯೇ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ಯಾರೂ ಹೇಳಿರಲಿಲ್ಲ.

ಖರ್ಚಿಗೆ ಹೆದರಿ ತಡ ಮಾಡುವವರಿಗೆ ಒಂದು ಮಾತು. 108 ಗಾಡಿಗೆ ದುಡ್ಡಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಕೂಸಿನ ಚಿಕಿತ್ಸೆಯೂ ಉಚಿತ, 2011ರಿಂದ ಆ ಯೋಜನೆ ಇದೆ. ರಾತ್ರಿ ಗೊತ್ತಾದರೆ ರಾತ್ರಿಯೇ ಹೊರಡಿ.