ಹಳೇ 44 ಇಂಚಿನ ಪ್ರಿಂಟರ್: ಸಾಗಿಸಿದ ಮೇಲೆ ಇಂಕ್ ಸೋರಿದರೆ ಮೊದಲು ಬಣ್ಣ ನೋಡಿ

ಸೆಕೆಂಡ್‌ಹ್ಯಾಂಡ್ ದೊಡ್ಡ ಪ್ರಿಂಟರ್ ತಗೋಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧೈರ್ಯವಾಗಿ ತಗೊಳ್ಳಿ. ನಮ್ಮದು 44 ಇಂಚು ಅಗಲದವರೆಗೆ ಪ್ರಿಂಟ್ ತೆಗೆಯುವ, ಎಂಟು ಬಣ್ಣದ ಪಿಗ್ಮೆಂಟ್ ಇಂಕ್ ಮೆಷಿನ್. ಬೆಂಗಳೂರಿನ ಸ್ಟುಡಿಯೊ ಒಂದರಿಂದ ದಾವಣಗೆರೆಗೆ ತಂದು ಕೆಲವು ವರ್ಷಗಳಾದವು. ಮದುವೆ ಫೋಟೊಗಳ ಕ್ಯಾನ್ವಾಸ್ ಪ್ರಿಂಟೇ ಜಾಸ್ತಿ. ರೇಷ್ಮೆ ಸೀರೆಯ ಕಡುಗೆಂಪು, ಜರಿಯ ಹೊಳಪು, ಮೈಬಣ್ಣ ಎಲ್ಲವೂ ಇವತ್ತಿಗೂ ಚೆನ್ನಾಗಿ ಬರುತ್ತಿವೆ.

ತೊಂದರೆ ಶುರುವಾಗಿದ್ದು ಸಾಗಣೆಯಲ್ಲಿ. ಟೆಂಪೋದಿಂದ ಇಳಿಸುವಾಗ ಒಂದು ಬದಿಯನ್ನು ಪೂರ್ತಿ ಮೇಲೆತ್ತಿದ್ದರು. ಸ್ಟ್ಯಾಂಡಿನ ಮೇಲೆ ಕೂರಿಸುವಷ್ಟರಲ್ಲಿ ಕೆಳಗೆ ಇಂಕ್ ತೊಟ್ಟಿಕ್ಕುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಒಂದೇ ಮಾತಿಗೆ ಹೆಡ್, ಅಂದರೆ ಹಾಳೆ ಮೇಲೆ ಇಂಕ್ ಚಿಮ್ಮಿಸುವ ಭಾಗ, ಹೋಗಿದೆ ಅಂದರು. ಇದು ಬಹಳ ಕಡೆ ನಡೆಯುತ್ತದೆ, ಇದರಿಂದ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ನಮ್ಮ ಹೆಡ್‌ಗೆ ಏನೂ ಆಗಿರಲಿಲ್ಲ.

ಸೋರುವ ಕಡೆ ಬಿಳಿ ಟಿಶ್ಯೂ ಇಟ್ಟು ಬಣ್ಣ ನೋಡಿ. ಎಲ್ಲ ಬಣ್ಣ ಕಲಸಿದ ಕೊಳಕು ಕಪ್ಪಾಗಿದ್ದರೆ ಅದು ವೇಸ್ಟ್ ಇಂಕ್, ಅಂದರೆ ಹೆಡ್ ಕ್ಲೀನ್ ಆಗುವಾಗ ಹೊರಹೋದ ಇಂಕ್. ಮೆಷಿನ್ ವಾಲಿದಾಗ ವೇಸ್ಟ್ ಟ್ಯಾಂಕಿನಿಂದಲೋ ಹೆಡ್ ನಿಲ್ಲುವ ಕ್ಯಾಪಿಂಗ್ ಸ್ಟೇಷನ್ನಿನಿಂದಲೋ ಹೊರಗೆ ಬಂದಿರುತ್ತದೆ. ಟ್ಯಾಂಕ್ ತೆಗೆದು ಒರೆಸಿದರೆ ಬಹುಪಾಲು ಅಲ್ಲಿಗೆ ಮುಗಿಯಿತು. ಟಿಶ್ಯೂ ಮೇಲೆ ಒಂದೇ ಶುದ್ಧ ಬಣ್ಣ ಹರಡಿದರೆ ಆ ಬಣ್ಣದ ದಾರಿಯಲ್ಲೇ ಎಲ್ಲೋ ಬಿಟ್ಟುಕೊಂಡಿದೆ ಅಂತ ಅರ್ಥ.

ನಮ್ಮಲ್ಲಿ ಬಂದಿದ್ದು ಅಚ್ಚ ಮೆಜೆಂಟಾ. ಕಾರ್ಟ್ರಿಜ್ ಕಡೆ ಒಣಗಿತ್ತು, ಟ್ಯೂಬ್ ಉದ್ದಕ್ಕೂ ಒಣಗಿತ್ತು. ಹೆಡ್ ಮೇಲೆ ಕೂರುವ ಡ್ಯಾಂಪರ್ (ಇಂಕ್ ಹೆಡ್‌ಗೆ ಇಳಿಯುವ ಮೊದಲು ನಿಲ್ಲುವ ಸಣ್ಣ ಪ್ಲಾಸ್ಟಿಕ್ ಡಬ್ಬಿ) ಹತ್ತಿರ, ಟ್ಯೂಬ್ ಬಂದು ಸೇರುವ ನಟ್ ಸುತ್ತ ಸಣ್ಣ ಮಿನುಗು ಕಂಡಿತು. ನಟ್ ಬಿಚ್ಚಿದರೆ ಒಳಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಉಗುರಿನಿಂದ ಒತ್ತಿದರೂ ಬಾಗಲಿಲ್ಲ. ಅಷ್ಟು ದಿನ ಅಲುಗಾಡದೆ ಇದ್ದದ್ದಕ್ಕೆ ಹೇಗೋ ಹಿಡಿದುಕೊಂಡಿತ್ತು, ರಸ್ತೆಯ ಕುಲುಕಾಟಕ್ಕೆ ಬಿಟ್ಟುಕೊಟ್ಟಿತು ಅಷ್ಟೇ.

ಈ ಜಾಗದಲ್ಲಿ ಬರೀ ಇಂಕ್ ಹೊರಗೆ ಬರುವುದಿಲ್ಲ, ಗಾಳಿಯೂ ಒಳಗೆ ಹೋಗುತ್ತದೆ. ಹೆಡ್ ತಳದ ಸಣ್ಣ ತೂತುಗಳಲ್ಲಿ, ಅಂದರೆ ನಾಝಲ್‌ನಲ್ಲಿ, ಇಂಕ್ ನಿಲ್ಲುವುದೇ ಒಳಗಿನ ಸಣ್ಣ ಎಳೆತದಿಂದ. ಗಾಳಿ ಹೊಕ್ಕರೆ ಆ ಹಿಡಿತ ತಪ್ಪುತ್ತದೆ, ಹೆಡ್ ತಳದಿಂದಲೇ ಹನಿ ಬೀಳುತ್ತದೆ. ನೋಡಿದವರಿಗೆ ಹೆಡ್ ಒಡೆದಂತೆ ಕಾಣುವುದು ಇದಕ್ಕೇ. ಪ್ರಿಂಟ್‌ನಲ್ಲಿ ಆ ಒಂದು ಬಣ್ಣ ಮಧ್ಯೆ ಮಧ್ಯೆ ಮಾಯವಾಗುವುದಕ್ಕೂ ಇದೇ ಕಾರಣ.

ಎಂಟೂ ಓ-ರಿಂಗ್ ಒಟ್ಟಿಗೆ ಬದಲಾಯಿಸಿದೆವು. ಒಂದು ಗಟ್ಟಿಯಾಗಿದ್ದರೆ ಉಳಿದವೂ ಅದೇ ವಯಸ್ಸಿನವು ಅಲ್ವಾ? ಮೆಜೆಂಟಾ ಡ್ಯಾಂಪರ್ ಕೂಡ ಹೊಸದು ಹಾಕಿದೆವು. ನಟ್ ಅನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಒಂಚೂರು ತಿರುಗಿಸಿದರೆ ಸಾಕು. ಸ್ಪ್ಯಾನರ್ ಹಾಕಿ ಬಿಗಿದರೆ ಡ್ಯಾಂಪರ್ ಪ್ಲಾಸ್ಟಿಕ್ ಸೀಳುತ್ತದೆ. ಆಮೇಲೆ ಇಂಕ್ ತುಂಬಿಸಿ, ಒಂದು ರಾತ್ರಿ ಬಿಟ್ಟು ನಾಝಲ್ ಚೆಕ್, ಅಂದರೆ ಪ್ರತಿ ಬಣ್ಣದ ಗೆರೆಗಳ ಪರೀಕ್ಷಾ ಪ್ರಿಂಟ್, ತೆಗೆದೆವು. ಗೆರೆಗಳು ಪೂರ್ತಿ ಬಂದವು. ಅಲ್ಲಿಂದ ಇವತ್ತಿನವರೆಗೆ ಅಲ್ಲಿ ಒಂದು ಹನಿ ಸೋರಿಲ್ಲ.

ಸೋರಿಕೆ ಕಂಡ ಕೂಡಲೇ ಪವರ್ ಮಾತ್ರ ಹಾಕಬೇಡಿ. ಹೆಡ್‌ಗೆ ಹೋಗುವ ಚಪ್ಪಟೆ ಕೇಬಲ್ ಮೇಲೆ ಇಂಕ್ ಬಿದ್ದಿದ್ದರೆ ಶಾರ್ಟ್ ಆಗಿ ಹೆಡ್ ಜೊತೆ ಮೇನ್ ಬೋರ್ಡೂ ಸುಡಬಹುದು. ಹೆಡ್ ಹೊತ್ತು ಓಡಾಡುವ ಕ್ಯಾರಿಯೇಜ್ ಹಿಂದಿನ ತೆಳು ಎನ್‌ಕೋಡರ್ ಪಟ್ಟಿಯನ್ನೂ ನೋಡಿ. ಅದಕ್ಕೆ ಇಂಕ್ ಅಂಟಿದರೆ ಹೆಡ್ ಎಲ್ಲಿದೆ ಅಂತ ಮೆಷಿನ್‌ಗೆ ಗೊತ್ತಾಗದೆ ಎರರ್ ಬರುತ್ತದೆ.

ತಗೊಳ್ಳುವವರು ಮಾರುವವರ ಜಾಗದಲ್ಲೇ ನಾಝಲ್ ಚೆಕ್ ತೆಗೆಸಿ, ಆ ಹಾಳೆ ಇಟ್ಟುಕೊಳ್ಳಿ. ಮನೆಗೆ ತಂದ ಮೇಲೆ ಏನಾಯಿತು, ಮೊದಲೇ ಏನಿತ್ತು ಅಂತ ಹೋಲಿಸಲು ಅದೊಂದೇ ಆಧಾರ. ಹೆಡ್ ಲಾಕ್ ಮಾಡಿಸಿ, ಕಾರ್ಟ್ರಿಜ್ ಮತ್ತು ವೇಸ್ಟ್ ಟ್ಯಾಂಕ್ ತೆಗೆಸಿ. ದೂರದ ಊರಾದರೆ ಟ್ಯೂಬಿನ ಇಂಕ್ ಕೂಡ ಖಾಲಿ ಮಾಡಿಸಿ. ಎತ್ತಲು ನಾಲ್ಕು ಜನರನ್ನು ಕರೆಯಿರಿ, ಮೆಷಿನ್ ಮಟ್ಟಸವಾಗಿಯೇ ಇಳಿಯಲಿ.