ಮೂವತ್ತೆರಡಕ್ಕೆ ಫಸ್ಟ್ ಬೈಕು: ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಪ್ಲಸ್, ಒಂಬತ್ತು ತಿಂಗಳಾದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಬೈಕ್ ಬಗ್ಗೆ ಗೊತ್ತಿರೋರು ಬರ್ದಿರೋ ರಿವ್ಯೂ ಅಲ್ಲ, ಮೂವತ್ತೆರಡು ವರ್ಷದ ತನಕ ಸೈಕಲ್ ಬಿಟ್ಟು ಇನ್ನೇನೂ ಓಡಿಸ್ದೇ ಇದ್ದ ಒಬ್ಬ ಸ್ಕೂಲ್ ಮೇಷ್ಟ್ರು ಬರೀತಿರೋದು. ಹಾಸನದಲ್ಲಿ ಮನೆ. ಹೆಂಡ್ತಿ ಹತ್ರ ಸ್ಕೂಟಿ ಇತ್ತು, ಎಲ್ಲಿಗೆ ಹೋದ್ರೂ ಅವ್ಳು ಮುಂದೆ ನಾನು ಹಿಂದೆ, ತರ್ಕಾರಿ ಚೀಲ ಮಧ್ಯ, ಯಾರಾದ್ರೂ ನಕ್ರೆ ನಾನೂ ನಗ್ತಿದ್ದೆ. ಆಮೇಲೆ ಬೇಲೂರು ಕಡೆ ಒಂದು ಹಳ್ಳಿ ಸ್ಕೂಲಿಗೆ ಟ್ರಾನ್ಸ್‌ಫರ್ ಆಯ್ತು, ಊರೊಳಗೆ ಹೋಗೋದು ಬೆಳಿಗ್ಗೆ ಒಂದೇ ಬಸ್ಸು, ಅದು ತಪ್ಪಿದ್ರೆ ಮೇನ್ ರೋಡಲ್ಲಿ ಇಳ್ಕೊಂಡು ನಾಲ್ಕು ಕಿಲೋಮೀಟರ್ ನಡ್ಕೊಂಡು ಹೋಗೋಷ್ಟ್ರಲ್ಲಿ ಪ್ರೇಯರ್ ಮುಗ್ದು ಮಗ್ಗಿ ಶುರುವಾಗಿರೋದು. ಮಳೆಗಾಲದಲ್ಲಿ ಪ್ಯಾಂಟು ಮಂಡಿ ತನಕ ಕೆಸ್ರು. ಹಿಂಗಾಗಿ ಗಾಡಿ ತಗೊಳೋದು ಅಂತಾಯ್ತು.

ಇದನ್ನ ಸ್ಟಾಫ್ ರೂಮಲ್ಲಿ ಬಾಯ್ಬಿಟ್ಟಿದ್ದೇ ತಪ್ಪಾಯ್ತು. ಒಬ್ರು ಬುಲೆಟ್ ಅಂದ್ರು, ಇನ್ನೊಬ್ರು 150 ಸಿಸಿಗಿಂತ ಕಮ್ಮಿ ತಗೊಂಡ್ರೆ ಆರೇ ತಿಂಗ್ಳಲ್ಲಿ ಬೇಜಾರಾಗುತ್ತೆ ಅಂದ್ರು, ಪಿಟಿ ಮೇಷ್ಟ್ರು ಅಂತೂ "ಸ್ಪ್ಲೆಂಡರ್ ಹಾಲು ಹಾಕೋರ ಗಾಡಿ ಕಣಯ್ಯ" ಅಂದ್ಬಿಟ್ರು. ಬುಲೆಟ್ ಅಂದೋರು ಅವ್ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮೇಲೆ ಕೂರ್ಸಿ ನೋಡಿದ್ರು ಕೂಡ. ಗಾಡಿ ಚೆನ್ನಾಗಿದೆ, ಸುಳ್ಳು ಹೇಳಲ್ಲ, ಕೂತ್ರೆ ಸಾಕು ಎದೆ ಉಬ್ಬುತ್ತೆ. ಆದ್ರೆ ಸ್ಕೂಲ್ ಗೇಟ್ ಮುಂದಿನ ಇಳಿಜಾರಲ್ಲಿ ಹಿಂದಕ್ಕೆ ತಳ್ಳಿ ಅಂದಾಗ ಒಂದಿಂಚೂ ಅಲ್ಲಾಡ್ಲಿಲ್ಲ. ಅದು 195 ಕೆಜಿ, ಸ್ಪ್ಲೆಂಡರ್ 112 ಕೆಜಿ. ಮಧ್ಯ ಇರೋ ವ್ಯತ್ಯಾಸ ಒಂದೂವರೆ ಮೂಟೆ ಅಕ್ಕಿಗಿಂತ ಜಾಸ್ತಿ! ಅವತ್ತೇ ಡಿಸೈಡ್ ಮಾಡ್ದೆ, ನಾನು ಬೀಳೋನೇ, ಅದ್ರಲ್ಲಿ ಡೌಟ್ ಇಲ್ಲ, ಬಿದ್ಮೇಲೆ ಒಬ್ನೇ ಎತ್ತಕ್ಕಾಗೋ ಗಾಡಿ ಬೇಕು ಅಂತ. ಸಿಸಿ, ಪಿಕಪ್ಪು, ಲುಕ್ಕು ಎಲ್ಲಾ ಆಮೇಲಿಂದು.

ಹೊಸದಕ್ಕೆ ಹೋಗ್ಲಿಲ್ಲ, ಅದೂ ಬೀಳೋ ಲೆಕ್ಕದಲ್ಲೇ. ಹೊಸ ಗಾಡಿಗೆ ಒಂದು ಗೀರು ಬಿದ್ರೆ ರಾತ್ರಿ ನಿದ್ದೆ ಬರಲ್ಲ, ಆ ಭಯಕ್ಕೇ ಕಲಿಯೋದು ನಿಧಾನ ಆಗುತ್ತೆ. ಗೊತ್ತಿರೋರ 2021ರ ಮಾಡೆಲ್, ಕೆಎ 13 ಪಾಸಿಂಗ್, 21 ಸಾವಿರ ಓಡಿತ್ತು, 54 ಸಾವಿರಕ್ಕೆ ಸಿಕ್ತು. (ಹೊಸದೇ ಬೇಕು ಅನ್ನೋರಿಗೆ ಒಂದು ಮಾತು, 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳ್ದಿದೆ, ಹಳೇ ರೇಟ್ ನೋಡ್ಕೊಂಡು ಸೆಕೆಂಡ್ ಹ್ಯಾಂಡಿಗೆ ಜಾಸ್ತಿ ಕೊಡ್ಬೇಡಿ.) ನೋಡಕ್ಕೆ ಹೋದಾಗ ಜೊತೆಗೆ ನಮ್ಮ ಪಕ್ಕದ್ಮನೆ ಗಾರೆ ಮೇಸ್ತ್ರಿ ಬಂದಿದ್ರು, ಇಪ್ಪತ್ತು ವರ್ಷದಿಂದ ಇಂಥದ್ದೇ ಗಾಡೀಲಿ ಸಿಮೆಂಟ್ ಮೂಟೆ ಹೊತ್ತಿರೋ ಮನುಷ್ಯ. ಅವ್ರು ಮಾಡಿದ್ದು ಇಷ್ಟೇ: ಇಂಜಿನ್ ಮುಟ್ಟಿ ನೋಡಿದ್ರು ತಣ್ಣಗಿದ್ಯಾ ಅಂತ, ಯಾಕಂದ್ರೆ ಮಾರೋರು ಮೊದ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಬೆಳಗಿನ ತಕರಾರು ಗೊತ್ತಾಗಲ್ಲ, ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನನ್ನ ಹಿಂದೆ ಕೂರ್ಸಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ ಕೋನ್‌ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಕಡೆ ಇರೋ ಬೇರಿಂಗು, ನೋಡಿದ್ರು, ಸೈಲೆನ್ಸರಲ್ಲಿ ಹೊಗೆ ಯಾವ ಬಣ್ಣ ನೋಡಿದ್ರು, "ತಗೊಳಿ ಮೇಷ್ಟ್ರೇ" ಅಂದ್ರು.

ಪೇಪರ್ ಕೆಲ್ಸ ಮಾತ್ರ ಮುಂದಕ್ಕೆ ಹಾಕ್ಬೇಡಿ. ಗಾಡಿ ನಿಮ್ಮ ಹೆಸ್ರಿಗೆ ಆಗಕ್ಕೆ ಫಾರಂ 29, ಫಾರಂ 30 ಬೇಕು, ಗಾಡಿ ಮೇಲೆ ಲೋನ್ ಇದ್ರೆ ಫಾರಂ 35 ಮತ್ತೆ ಬ್ಯಾಂಕಿನ ಎನ್‌ಒಸಿ, ಇನ್ಶೂರೆನ್ಸ್ ಹೆಸ್ರು ಬದಲಾಯ್ಸಕ್ಕೆ 14 ದಿನದೊಳಗೆ ಅರ್ಜಿ. ಬಾಕಿ ಫೈನ್ ಎಷ್ಟಿದೆ ಅಂತ ಗಾಡಿ ನಂಬರ್ ಹಾಕಿ ಮೊದ್ಲೇ ಚೆಕ್ ಮಾಡ್ಕೊಳಿ, ನಂದ್ರಲ್ಲಿ ಹೆಲ್ಮೆಟ್ ಇಲ್ದೇ ಹೋಗಿದ್ದು ಎರಡಿತ್ತು, ತಲಾ 500, ಮಾರಿದೋರೇ ಕಟ್ಟಿದ್ರು.

ಈಗ ಕಲ್ತಿದ್ದು. ನಾನು ಐದಡಿ ಐದಿಂಚು, ಸೀಟು 785 ಮಿಲಿಮೀಟರ್ ಎತ್ತರ, ಎರಡು ಕಾಲೂ ಆರಾಮಾಗಿ ನೆಲಕ್ಕೆ ಸಿಗುತ್ತೆ. ಇದೆಷ್ಟು ದೊಡ್ಡ ವಿಷ್ಯ ಅಂತ ಓಡಿಸೋರಿಗೆ ಮರ್ತೋಗಿರುತ್ತೆ. ಹೊಸಬರಿಗೆ ಧೈರ್ಯ ಬರೋದು ಕಾಲು ಊರಿದಾಗ್ಲೇ. ಸ್ಕೂಲ್ ಬಿಟ್ಮೇಲೆ ಅಲ್ಲೇ ಗ್ರೌಂಡಲ್ಲಿ ಪ್ರಾಕ್ಟೀಸ್ ಮಾಡೋಣ ಅಂದ್ಕೊಂಡೆ, ಮೇಸ್ತ್ರಿ ಅಲ್ಲೇ ಹತ್ರ ಕೆಲ್ಸ ಹಿಡ್ದಿದ್ರು, ದಿನಾ ಗಾಡೀಲಿ ಅವ್ರೇ ಕರ್ಕೊಂಡು ಬಂದು ಸಂಜೆ ಅರ್ಧ ಗಂಟೆ ಹೇಳ್ಕೊಡ್ತಿದ್ರು. ಕ್ಲಚ್ ಟಪ್ ಅಂತ ಬಿಡ್ತಿದ್ದೆ, ಗಾಡಿ ಕುಪ್ಪಳಿಸಿ ಆಫ್ ಆಗೋದು. ಅವ್ರು ಹೇಳಿದ ಒಂದು ಮಾತಿಂದ ಸರಿ ಹೋಯ್ತು: "ಕ್ಲಚ್ಚು ಬಾವಿ ಹಗ್ಗ ಇದ್ದಂಗೆ ಮೇಷ್ಟ್ರೇ, ಒಂದೇ ಸಲ ಬಿಟ್ರೆ ಕೊಡ ಹೋಯ್ತದೆ." ಆಮೇಲೆ ಆಕ್ಸಿಲರೇಟರ್ ಮುಟ್ದೇನೇ ಬರೀ ಕ್ಲಚ್ ಸ್ವಲ್ಪ ಸ್ವಲ್ಪ ಬಿಟ್ಟು ಗಾಡಿ ಎಲ್ಲಿ ಎಳ್ಯಕ್ಕೆ ಶುರು ಮಾಡುತ್ತೆ ಅಂತ ನೂರು ಸಲ ಮಾಡ್ಸಿದ್ರು. ಎಫ್‌ಐ ಇಂಜಿನ್ (ಪೆಟ್ರೋಲ್ ಎಷ್ಟು ಬೇಕು ಅಂತ ಗಾಡಿನೇ ಲೆಕ್ಕ ಹಾಕಿ ಬಿಡೋದು) ಆಗಿರೋದ್ರಿಂದ ಸಪಾಟು ನೆಲದ ಮೇಲೆ ರೇಸ್ ಕೊಡ್ದಿದ್ರೂ ಮೆಲ್ಲಗೆ ಹೋಗ್ತಾ ಇರುತ್ತೆ, ಹೊಸಬರಿಗೆ ಇದು ದೊಡ್ಡ ಉಪಕಾರ. ಏಳನೇ ಕ್ಲಾಸ್ ಹುಡುಗ್ರು ಮನೆಗೆ ಹೋಗ್ದೇ ಕಾಂಪೌಂಡ್ ಮೇಲೆ ಕೂತು "ಸಾರ್ ಕ್ಲಚ್ ಸಾರ್! ಗೇರು ಸಾರ್!" ಅಂತ ಕಿರುಚೋರು. ಅವ್ರಲ್ಲಿ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಆ ವಯಸ್ಸಿಗೆ ಗೊತ್ತಿರ್ಬಾರ್ದು, ಆದ್ರೂ ಗೊತ್ತಿತ್ತು.

ಇದ್ರ ಗೇರ್ ಬಗ್ಗೆ ಒಂದು ಎಚ್ಚರಿಕೆ. ನಾಲ್ಕು ಗೇರು, ನಾಲ್ಕೂ ಮುಂದಕ್ಕೆ ಒತ್ತೋದೇ, ಕಮ್ಮಿ ಮಾಡಕ್ಕೆ ಹಿಂದೆ ಹಿಮ್ಮಡಿಲಿ ಒತ್ತೋದು. ಕಲಿಯಕ್ಕೆ ಇದಕ್ಕಿಂತ ಸುಲಭ ಇಲ್ಲ, ಚಪ್ಲಿ ಶೂ ಯಾವ್ದಿದ್ರೂ ನಡ್ಯುತ್ತೆ. ಆದ್ರೆ ಬೇರೆ ಗಾಡಿಗಳಲ್ಲಿ ಜಾಸ್ತಿ ಕಡೆ ಫಸ್ಟ್ ಕೆಳಗೆ, ಮಿಕ್ಕಿದ್ದೆಲ್ಲಾ ಮೇಲೆ. ಮೂರ್ ತಿಂಗ್ಳಾದ್ಮೇಲೆ ನಾನೂ ಕಲ್ತುಬಿಟ್ಟೆ ಅನ್ನೋ ಗತ್ತಲ್ಲಿ ಭಾಮೈದನ ಪಲ್ಸರ್ ತಗೊಂಡು ಸೆಕೆಂಡಿಂದ ಥರ್ಡಿಗೆ ಹಾಕೋಣ ಅಂತ ಅಭ್ಯಾಸಬಲದ ಮೇಲೆ ಮುಂದಕ್ಕೆ ಒತ್ತಿದ್ದು ಅಷ್ಟೇ, ಫಸ್ಟಿಗೆ ಬಿದ್ದು ಹಿಂದಿನ ಚಕ್ರ ಕಿರ್‍ರ್ ಅಂತು, ಹಿಂದೆ ಕೂತಿದ್ದ ಅವ್ನ ಹೆಲ್ಮೆಟ್ ನನ್ನ ಹೆಲ್ಮೆಟಿಗೆ ಢಿಕ್ಕಿ. "ಭಾವ, ನಿಮ್ದೇ ಗಾಡಿ ಓಡಿಸ್ಕೊಳಿ" ಅಂದ.

ಇನ್ನೊಂದು ತಮಾಷೆ ಐ3ಎಸ್ ಅಂತ. ಸಿಗ್ನಲಲ್ಲಿ ನ್ಯೂಟ್ರಲ್ ಮಾಡಿ ನಿಂತ್ರೆ ಐದು ಸೆಕೆಂಡಿಗೆ ಇಂಜಿನ್ ತಾನೇ ಆಫ್, ಕ್ಲಚ್ ಹಿಡಿದ್ರೆ ತಾನೇ ಆನ್. ನನಗೆ ಯಾರೂ ಹೇಳಿರ್ಲಿಲ್ಲ. ಮೊದಲ್ನೇ ಸಲ ಎನ್‌ಆರ್ ಸರ್ಕಲ್ಲಲ್ಲಿ ಆಫ್ ಆದಾಗ ಗಾಡಿ ಕೆಟ್ಟೋಯ್ತು ಅಂತ ಕೆಳಗಿಳ್ದು ತಳ್ಕೊಂಡು ಫುಟ್‌ಪಾತ್ ಪಕ್ಕಕ್ಕೆ ಹಾಕಿ ಕಿಕ್ ಹೊಡೀತಾ ಇದ್ದೆ. ಬಲಗಡೆ ಹ್ಯಾಂಡಲಲ್ಲಿ ಅದಕ್ಕೆ ಸ್ವಿಚ್ ಇದೆ, ಕಲಿಯೋ ತನಕ ಆಫ್ ಮಾಡಿಡಿ.

ಬ್ರೇಕು. ಎರಡೂ ಕಡೆ ಡ್ರಮ್, ಡಿಸ್ಕ್ ಬೇಕಂದ್ರೆ ಇದೇ ಗಾಡಿಯ ಎಕ್ಸ್‌ಟೆಕ್ ಅನ್ನೋ ಮಾಡೆಲಲ್ಲಿ ಸಿಗುತ್ತೆ. ಕಾಲಲ್ಲಿ ಒತ್ತಿದ್ರೆ ಹಿಂದಿನ ಜೊತೆ ಮುಂದಿಂದೂ ಸ್ವಲ್ಪ ಹಿಡಿಯೋ ಹಂಗೆ ಮಾಡಿದಾರೆ, ಐಬಿಎಸ್ ಅಂತಾರೆ, ಹೊಸಬ್ರು ಗಾಬರೀಲಿ ಕಾಲನ್ನೇ ಒತ್ತೋದ್ರಿಂದ ಅದು ಕಾಪಾಡುತ್ತೆ. ಆದ್ರೆ ಎಬಿಎಸ್ ಅಲ್ಲ ಅದು, ಕನ್‌ಫ್ಯೂಸ್ ಮಾಡ್ಕೋಬೇಡಿ, ಚಕ್ರ ಲಾಕ್ ಆಗೋದನ್ನ ತಡಿಯಲ್ಲ. ನಾನು ಬಿದ್ದಿದ್ದು ಹೆಂಗೆ ಅಂದ್ರೆ, ಸ್ಕೂಲ್ ಹತ್ರ ತಿರುವಲ್ಲಿ ಯಾರೋ ಮನೆ ಕಟ್ತಿದ್ರು, ಜಲ್ಲಿ ಮರಳು ರೋಡಿಗೆ ಹರಡಿತ್ತು, ತಿರುಗ್ತಾ ತಿರುಗ್ತಾ ಭಯಕ್ಕೆ ಕೈಬ್ರೇಕ್ ಹಿಡ್ದೆ. ಹ್ಯಾಂಡಲ್ ಮಡಚ್ಕೊಂಡು ಪಲ್ಟಿ. ಸ್ಪೀಡ್ ಹದಿನೈದೂ ಇರ್ಲಿಲ್ಲ. ಲೆಗ್ ಗಾರ್ಡ್ ಇದ್ದಿದ್ದಕ್ಕೆ ಕಾಲು ಕೆಳಗೆ ಸಿಕ್ಕಾಕೊಳ್ಳಿಲ್ಲ, ಮೊಣಕೈ ತರಚ್ತು, ಎಡಗಡೆ ಮಿರರ್ ಪುಡಿ, ಕ್ಲಚ್ ಲಿವರ್ ಬಗ್ತು. ಸುತ್ತ ಯಾರೂ ಇರ್ಲಿಲ್ಲ, ಹ್ಯಾಂಡಲ್ ಒಂದ್ಕೈ ಹಿಂದಿನ ಗ್ರಿಪ್ ಒಂದ್ಕೈ ಹಿಡ್ಕೊಂಡು ಎತ್ತಿ ನಿಲ್ಲಿಸ್ದೆ. ಆ ಎತ್ತಿ ನಿಲ್ಲಿಸಿದ ಕ್ಷಣದಲ್ಲಿ 112 ಕೆಜಿಗೆ ಕೈಮುಗ್ದೆ. ಈಗ ಜಲ್ಲಿ ಕಂಡ್ರೆ ತಿರುಗೋಕೆ ಮುಂಚೆನೇ ಸ್ಲೋ ಮಾಡಿ, ತಿರುವಲ್ಲಿ ಬ್ರೇಕ್ ಮುಟ್ಟಲ್ಲ.

ಎಲ್‌ಎಲ್‌ಆರ್, ಅಂದ್ರೆ ಕಲಿಯೋರ ಲೈಸೆನ್ಸು, ಆನ್‌ಲೈನಲ್ಲೇ ಆಗುತ್ತೆ, ಸಾರಥಿ ಪೋರ್ಟಲಲ್ಲಿ. ಆರು ತಿಂಗ್ಳು ನಡ್ಯುತ್ತೆ, 30 ದಿನ ಆದ್ಮೇಲೆ ಡಿಎಲ್ ಟೆಸ್ಟಿಗೆ ಹೋಗ್ಬೋದು. ಸ್ಕೂಟರ್‌ಗೆ ಮಾತ್ರ ಅಂತ ಗೇರ್ ಇಲ್ದೇ ಇರೋದನ್ನ ಟಿಕ್ ಮಾಡ್ಬೇಡಿ, ಗೇರ್ ಇರೋದನ್ನ ತಗೊಂಡ್ರೆ ಎರಡೂ ಓಡಿಸ್ಬೋದು. ನನ್ನ ಹೆಂಡ್ತಿ ಅವಾಗ ಗೇರ್ ಇಲ್ಲದ್ದು ಮಾಡ್ಸಿ ಈಗ ಒದ್ದಾಡ್ತಿದಾಳೆ, ಅದು ಆಮೇಲೆ ಹೇಳ್ತೀನಿ. ಎಲ್ ಬೋರ್ಡ್ ಇರೋವಾಗ ಹಿಂದೆ ಕೂರ್ಬೋದಾದೋರು ಲೈಸೆನ್ಸ್ ಇದ್ದು ಕಲಿಸೋರು ಮಾತ್ರ, ಹೆಂಡ್ತಿ ಮಕ್ಳು ಎಲ್ಲ ಆಮೇಲೆ. ಟೆಸ್ಟಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ಎಂಟು ಹಾಕ್ಸಿದ್ರು. ಅದಕ್ಕೆ ಗುಟ್ಟು ಅಂದ್ರೆ ಫಸ್ಟ್ ಗೇರು, ಹಾಫ್ ಕ್ಲಚ್ಚು, ಕಾಲ್ಬ್ರೇಕ್ ಲೈಟಾಗಿ, ಕಣ್ಣು ಮುಂದಿನ ಚಕ್ರದ ಮೇಲಿಡ್ದೇ ಮುಂದೆ ಎಲ್ಲಿಗೆ ಹೋಗ್ಬೇಕೋ ಅಲ್ಲಿಡೋದು. ಕೆಳಗೆ ನೋಡಿದ್ರೆ ಕೆಳಗೇ ಬೀಳ್ತೀರ. ಇಷ್ಟು ಹಗುರದ ಗಾಡೀಲಿ ಎಂಟು ಕಷ್ಟನೇ ಇಲ್ಲ, ನನ್ನ ಮುಂದೆ ದೊಡ್ಡ ಗಾಡಿ ತಂದಿದ್ದ ಹುಡುಗ ಎರಡು ಸಲ ಕಾಲು ಊರ್ದ.

ಹೆಲ್ಮೆಟಿಗೆ ಗಾಡಿಗಿಂತ ಜಾಸ್ತಿ ಹೊತ್ತು ಅಂಗ್ಡೀಲಿ ನಿಂತಿದ್ದೆ. ಐಎಸ್‌ಐ ಮಾರ್ಕ್ ಅಂದ್ರೆ ಐಎಸ್ 4151 ಅಂತ ಸ್ಟಿಕರ್ ಇರ್ಬೇಕು, ಫುಲ್ ಫೇಸ್ ತಗೊಳಿ, ಹಣೆ ಸುತ್ತ ಟೇಪ್ ಹಿಡ್ದು ಅಳತೆ ಮಾಡ್ಸಿ, ಹೊಸದ್ರಲ್ಲಿ ಕೆನ್ನೆ ಸ್ವಲ್ಪ ಒತ್ತಿದಂಗೆ ಇರ್ಬೇಕು, ತಲೆ ಅಲ್ಲಾಡಿಸಿದಾಗ ಅದೂ ಜೊತೆಗೇ ಬರ್ಬೇಕು. ನಮ್ಮಲ್ಲಿ 2016ರಿಂದ ಹಿಂದೆ ಕೂತೋರಿಗೂ ಕಂಪಲ್ಸರಿ, ಹಂಗಾಗಿ ಎರಡು. ರೋಡ್ ಸೈಡ್ ಟೋಪಿ ಹಾಕ್ಕೊಂಡು ಪೊಲೀಸರಿಂದ ತಪ್ಪಿಸ್ಕೋಬೋದೇನೋ, ಟಾರ್ ರೋಡಿಂದ ಆಗಲ್ಲ.

ಇನ್ನು ದಿನದ ಓಡಾಟ. ಹೋಗಿ ಬರೋದು 60 ಕಿಲೋಮೀಟರ್ ಹತ್ರ, ನಾನು ಸ್ಪೀಡ್ 50 ದಾಟಲ್ಲ, ಮೈಲೇಜು 62 ಬರ್ತಿದೆ, ಟ್ಯಾಂಕು 9.8 ಲೀಟರ್, ಸೋಮವಾರ ತುಂಬಿಸಿದ್ರೆ ಮುಂದಿನ ಸೋಮವಾರದ ತನಕ ಬಂಕ್ ಕಡೆ ತಿರುಗಿ ನೋಡಲ್ಲ. ಚೈನಿಗೆ ಪೂರ್ತಿ ಕವರ್ ಇದೆ, ನಮ್ಮ ಕಡೆ ಕೆಂಪು ಕೆಸರಿಗೆ ಇದು ದೇವ್ರು ಕೊಟ್ಟಂಗೆ. 1994ರಿಂದ ಬರ್ತಿರೋ ಗಾಡಿ ಆದ್ರಿಂದ ಯಾವ ಹಳ್ಳೀಲಿ ನಿಂತ್ರೂ ಬಿಚ್ಚಿ ಕಟ್ಟೋರು ಒಬ್ರು ಇದ್ದೇ ಇರ್ತಾರೆ, ನಮ್ಮ ಸ್ಕೂಲ್ ಊರಲ್ಲಿ ಕಿರಾಣಿ ಅಂಗ್ಡೀಲೂ ಕ್ಲಚ್ ವೈರ್ ನೇತಾಕಿದಾರೆ. ನಮ್ಮ ದೊಡ್ಡಪ್ಪ ಮಾತ್ರ ಗಾಡಿ ಸುತ್ತ ಮೂರು ಸುತ್ತು ಹಾಕಿ "ಚೋಕ್ ಎಲ್ಲೋ?" ಅಂತ ಹುಡುಕ್ತಾ ಇದ್ರು, ಹಳೇ ಗಾಡೀಲಿ ಚಳಿಗೆ ಎಳ್ಯೋ ಆ ಚೋಕ್ ಎಫ್‌ಐನಲ್ಲಿ ಇರಲ್ಲ ಅಂದ್ರೆ ನಂಬ್ಲಿಲ್ಲ.

ಇಷ್ಟ ಆಗ್ದೇ ಇರೋದೂ ಇದೆ. 97.2 ಸಿಸಿ, 8 ಪಿಎಸ್ ಪವರ್ ಅಷ್ಟೇ, ಹೆಂಡ್ತಿ ಕೂರ್ಸ್ಕೊಂಡು ಏರು ಹತ್ತುವಾಗ ಥರ್ಡಿಗೆ ಇಳೀಲೇಬೇಕು, ಬೇಲೂರು ರೋಡಲ್ಲಿ ಹುಲ್ಲು ತುಂಬಿರೋ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡಕ್ಕೆ ಮುಂದೆ ಅರ್ಧ ಕಿಲೋಮೀಟರ್ ಖಾಲಿ ಇದ್ಯಾ ನೋಡ್ಕೋಬೇಕು, ಎದುರಿಂದ ಕೆಎಸ್‌ಆರ್‌ಟಿಸಿ ಬಸ್ ಜೋರಾಗಿ ಬಂದ್ರೆ ಗಾಳಿಗೇ ಗಾಡಿ ಅಲ್ಲಾಡುತ್ತೆ, ಹಗುರ ಇರೋದ್ರ ಇನ್ನೊಂದು ಮುಖ ಇದು. ರಾತ್ರಿ ಹೊತ್ತು ಕಾಫಿ ತೋಟದ ಮಧ್ಯ ಹೆಡ್‌ಲೈಟ್ ಸಾಲಲ್ಲ, ನಾನು ಆರೂವರೆ ಒಳಗೆ ಮನೆ ಸೇರ್ಕೋತೀನಿ. ಟೈರಿಗೆ ಮೊಳೆ ಚುಚ್ಚಿ ಗಾಳಿ ಹೋಗಿ ಯಗಚಿ ಹೊಳೆ ಸೇತುವೆ ಹತ್ರ ಒಂದ್ಸಲ ಒಂದೂವರೆ ಕಿಲೋಮೀಟರ್ ತಳ್ಳಿದೀನಿ. ಒಬ್ರೇ ಇದ್ರೆ ಮುಂದೆ 25, ಹಿಂದೆ 28 ಗಾಳಿ, ವಾರಕ್ಕೊಂದ್ಸಲ ನೋಡಿಸ್ತೀನಿ. ದಿನಾ ಬೆಂಗ್ಳೂರು ಹೈವೇ ಹೋಗೋರು, ಇಬ್ಬರು ದಪ್ಪ ಇರೋರು ಯಾವಾಗ್ಲೂ ಜೊತೇಲಿ ಹೋಗೋರು 125 ನೋಡಿ, ಇದು ಬೇಡ.

ಪಿಟಿ ಮೇಷ್ಟ್ರು ಈಗ್ಲೂ "ಎಷ್ಟು ಲೀಟರ್ ಹಾಕಿದ್ರಿ ಇವತ್ತು" ಅಂತಾರೆ. ಅವ್ರ ಗಾಡಿ ಸರ್ವೀಸಿಗೆ ಬಿಟ್ಟಾಗ ಬಸ್‌ಸ್ಟ್ಯಾಂಡ್ ತನಕ ನನ್ನ ಹಾಲಿನ ಗಾಡೀಲೇ ಬರೋದು.

ಹೋದ ಭಾನುವಾರ ಹೆಂಡ್ತಿ "ರೀ, ನನಗೂ ಗೇರ್ ಗಾಡಿ ಹೇಳ್ಕೊಡಿ" ಅಂದ್ಳು. ಅವಳಿಗೆ ಗೇರ್ ಗಾಡಿಗೆ ಹೊಸ ಎಲ್‌ಎಲ್‌ಆರ್ ಮಾಡ್ಸ್ಬೇಕು, ಅರ್ಜಿ ಹಾಕಿದೀವಿ, ಅದ್ಕೆ ರೋಡಿಗೆ ಇಳೀದೆ ಗ್ರೌಂಡಲ್ಲೇ ಕೊಟ್ಟೆ. ಬಾವಿ ಹಗ್ಗದ ಕಥೆ ಹೇಳ್ದೆ, "ಗೊತ್ತಾಯ್ತು ಬಿಡಿ" ಅಂದು ಎರಡು ರೌಂಡ್ ನೀಟಾಗಿ ಹೊಡೆದ್ಳು, ಮೂರನೇದ್ರಲ್ಲಿ ಗೋಲ್ ಪೋಸ್ಟ್ ಹತ್ರ ಧಡ್ ಅಂತ. ನಾನು ಓಡ್ಹೋಗೋಷ್ಟ್ರಲ್ಲಿ ಎದ್ದು, ಚೂಡಿದಾರ್ ಕೊಡವ್ಕೊಂಡು, ಗಾಡಿ ಎತ್ತಿ ಸ್ಟ್ಯಾಂಡ್ ಹಾಕಿ ನಿಂತಿದ್ಳು. ಎಡಗಡೆ ಮಿರರ್ ಮತ್ತೆ ಹೋಯ್ತು. 150 ರೂಪಾಯಿ.